ಆ ಒಂದು ಸೆಕೆಂಡಿನ ಬಗ್ಗೆ ಅಪ್ಪನಿಗೆ

ಟಸ್ಕಲೂಸ, ಅಲಬಾಮ
10-12-2013

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ರಘು ಸ್ಕ್ಯಾನ್ ಮಾಡಿ ಕಳುಹಿಸಿದ ನಿಮ್ಮ ಪತ್ರ ಭಾನುವಾರ ತಲುಪಿತು. ಎರಡು ಪುಟದ ತುಂಬ, ಆಬರ್ನ್ ಎದುರು ಸೋತ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ನಮ್ಮ ಅಲಬಾಮ ಕಾಲೇಜು ತಂಡದ ಕೋಚ್ ನಿಕ್ ಸೇಬನ್ ಮಾಡಿದ ತಪ್ಪುಗಳ ವಿಚಾರಣೆ, ಕಟ್ಟಕಡೆಗೆ "ಆಟ ಮುಗಿಯುವ ಹೊತ್ತಿಗೆ ಎದೆ ಸ್ವಲ್ಪ ಹಿಡಿದಂತಾಗಿತ್ತು, ಗ್ಯಾಸ್ ಇರಬೇಕು" ಎಂಬ ಒಂದೇ ಸಾಲು. ಅದರ ಪಕ್ಕದ ಅಂಚಿನಲ್ಲಿ ಅಮ್ಮ ಪೆನ್ಸಿಲಿನಲ್ಲಿ ಬರೆದದ್ದನ್ನು ನೀವು ನೋಡಿಲ್ಲವೆಂದು ಕಾಣುತ್ತದೆ. ಅಂಗಿ ನೆನೆಯುವಷ್ಟು ಬೆವರು ಬಂದಿತ್ತಂತೆ, ಎಡಗೈ ಜೋಮು ಹಿಡಿದಿತ್ತಂತೆ, ಮೈಸೂರಿಗೆ ಹೋಗಿ ತೋರಿಸಿ ಎಂದು ಡಾಕ್ಟರು ಚೀಟಿ ಕೊಟ್ಟು ಆರು ದಿನವಾಯಿತಂತೆ. "ಮಗ ಮೊದಲು ಉತ್ತರ ಬರೆಯಲಿ, ಆಮೇಲೆ ನೋಡೋಣ ಅಂತಾರೆ" ಎಂದು ಅಮ್ಮ ಮುಗಿಸಿದ್ದಾಳೆ. ಫೋನಿನಲ್ಲಿ ಕೇಳಿದರೆ ನೀವು ಮಾತನ್ನು ಮತ್ತೆ ಸೇಬನ್ ಕಡೆಗೇ ತಿರುಗಿಸುತ್ತೀರಿ. ಆದ್ದರಿಂದ ಉತ್ತರವನ್ನು ಬರೆದೇ ಕಳುಹಿಸುತ್ತಿದ್ದೇನೆ. ಓದಿ ಮುಗಿಸಿದ ಮರುದಿನ ನೀವು ಮೈಸೂರಿನ ಬಸ್ಸು ಹತ್ತಬೇಕು.

ನಿಮ್ಮ ಮೊದಲ ಆಕ್ಷೇಪಣೆಯನ್ನೇ ತೆಗೆದುಕೊಳ್ಳುತ್ತೇನೆ. 28-28ರಲ್ಲಿ ಸಮವಾಗಿದ್ದ ಆಟವನ್ನು ಓವರ್‌ಟೈಮಿಗೆ ಒಯ್ಯದೆ, ಮುಗಿದುಹೋಗಿದ್ದ ಗಡಿಯಾರಕ್ಕೆ ಒಂದು ಸೆಕೆಂಡು ಸೇರಿಸಿರೆಂದು ಅಂಪೈರುಗಳೊಡನೆ ವಾದಿಸಿ, 57 ಗಜ ದೂರದಿಂದ ಚೆಂಡನ್ನು ಗೋಲುಕಂಬಗಳ ನಡುವೆ ಒದೆಯಲು ಮೊದಲ ವರ್ಷದ ಹುಡುಗನನ್ನು ಕಳುಹಿಸಿದ್ದು "ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಬಂದು ಹೋಗು ಎಂದು ಕರೆದಂತೆ" ಎಂದು ಬರೆದಿದ್ದೀರಿ. ಈ ಊರಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಿರುವುದೂ ಅದನ್ನೇ. ಆದರೆ ನನಗೆ ಹಾಗೆನಿಸುವುದಿಲ್ಲ. ಕಾಲೇಜು ಫುಟ್‌ಬಾಲಿನ ಓವರ್‌ಟೈಮಿನಲ್ಲಿ ಎರಡೂ ತಂಡಗಳಿಗೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಅವಕಾಶ ಸಿಗುತ್ತದೆ. ಅಷ್ಟು ಹತ್ತಿರದಿಂದ ಶುರುವಾಗುವ ಆಟದಲ್ಲಿ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒದೆಯುವವನ ಕಾಲಿನ ಮೇಲೆಯೇ. ಅಂದು ಅಲಬಾಮ ತಂಡದ ಬಳಿ ಇಲ್ಲದೇ ಇದ್ದದ್ದು ಅದೊಂದೇ. ಕೇಡ್ ಫಾಸ್ಟರ್ ಮೂರು ಸಲ ಒದ್ದು ಮೂರನ್ನೂ ಕಳೆದುಕೊಂಡಿದ್ದ. ಮೂರನೆಯದನ್ನಂತೂ ಆಬರ್ನಿನವರು ಎದ್ದು ತಡೆದೇಬಿಟ್ಟರು. ಅದೂ ಆಬರ್ನಿನ ಸ್ವಂತ ಅಂಗಣ, 87 ಸಾವಿರ ಜನರ ಕೂಗು. ಹಾಗಿರುವಾಗ ಉದ್ದ ಒದೆಯಬಲ್ಲ ಆಡಂ ಗ್ರಿಫಿತ್‌ಗೆ ಒಂದು ಅವಕಾಶ ಕೊಟ್ಟು ನೋಡಿದ್ದರಲ್ಲಿ ಲೆಕ್ಕವಿತ್ತು. (ಆ ಹುಡುಗ ಹುಟ್ಟಿದ್ದು ಪೋಲೆಂಡಿನಲ್ಲಿ. ಅಲ್ಲಿಯ ಅನಾಥಾಲಯದಿಂದ ಅಮೆರಿಕದ ಒಂದು ಕುಟುಂಬ ದತ್ತು ತಂದದ್ದು. ಅಮ್ಮನಿಗೆ ಇದನ್ನು ಹೇಳಿ, ಅವಳು ಅವನನ್ನು ಬೈಯುವುದನ್ನು ನಿಲ್ಲಿಸುತ್ತಾಳೆ.)

ಸೇಬನ್ ತಪ್ಪಿದ್ದು ಒದೆಸಿದ್ದರಲ್ಲಿ ಅಲ್ಲ, ಒದ್ದ ಮೇಲೆ ಏನಾಗಬಹುದೆಂದು ತನ್ನ ಹನ್ನೊಂದು ಜನಕ್ಕೆ ಮನದಟ್ಟು ಮಾಡಿಸದೇ ಇದ್ದದ್ದರಲ್ಲಿ. ಕಂಬ ಮುಟ್ಟದೆ ಅಂಗಣದೊಳಗೇ ಬೀಳುವ ಚೆಂಡನ್ನು ಎದುರಾಳಿ ಹಿಡಿದು ಓಡಬಹುದೆಂಬ ನಿಯಮ ನನಗೂ ಅಂದೇ ತಿಳಿದದ್ದು. ಆದರೆ ಅದು ಆಬರ್ನಿನ ಕೋಚ್ ಗಸ್ ಮಾಲ್ಜಾನ್‌ಗೆ ತಿಳಿದಿತ್ತು. ಅವರು ಟೈಮ್‌ಔಟ್ ತೆಗೆದುಕೊಂಡು, ಹಿಂದೆ ನಿಂತಿದ್ದ ಹುಡುಗನನ್ನು ಕರೆಸಿ, ಅವನ ಜಾಗಕ್ಕೆ ಕ್ರಿಸ್ ಡೇವಿಸ್‌ನನ್ನು ಕಳುಹಿಸಿದರು. ಇತ್ತ ನಮ್ಮ ಕಡೆ, ಒದೆಯುವವನಿಗೆ ಅಡ್ಡಗೋಡೆಯಾಗಿ ನಿಂತವರೆಲ್ಲ ನೂರಿಪ್ಪತ್ತು ನೂರಮೂವತ್ತು ಕಿಲೋ ತೂಗುವ ದೈತ್ಯರು. ತಡೆಯುವುದು ಅವರಿಗೆ ಗೊತ್ತು, ಅಟ್ಟಿಸಿಕೊಂಡು ಓಡುವುದು ಅವರಿಂದ ಆಗದು. ಗ್ರಿಫಿತ್ ಒದ್ದ ಚೆಂಡು ಕಂಬದವರೆಗೆ ಹೋಗದೆ ಕೆಳಗಿಳಿದಾಗ ಡೇವಿಸ್ ಅದನ್ನು ಹಿಡಿದು, ಎಡಗಡೆಯ ಅಂಚುಗೆರೆಯ ಗುಂಟ ಓಡುವಾಗ ಅವರು ಮದುವೆ ಮನೆಯಲ್ಲಿ ದಾರಿ ತಪ್ಪಿದ ನೆಂಟರಂತೆ ಸುತ್ತುತ್ತಿದ್ದರು. ಅಂಕಿಅಂಶದ ಪುಸ್ತಕದಲ್ಲಿ ಅವನ ಓಟ 100 ಗಜ ಎಂದಿದೆ, ಅಂಗಣದ ತುದಿಯ ಪಟ್ಟಿಯಾದ ಎಂಡ್ ಝೋನಿನೊಳಗಿಂದ ಲೆಕ್ಕ ಹಾಕಿದರೆ 109. ಆಟ 34-28ಕ್ಕೆ ಆಬರ್ನಿನ ಪಾಲಾಗಿ ಮುಗಿಯಿತು.

ಇಲ್ಲಿಯವರೆಗೆ ಬರೆದು ನಿಲ್ಲಿಸಿ, ಅಮ್ಮನ ಪೆನ್ಸಿಲ್ ಸಾಲುಗಳನ್ನು ಇನ್ನೊಮ್ಮೆ ಓದಿದೆ. ಡೇವಿಸ್ ಓಡಿದಾಗ ನಿಮಗೆ ಅಲ್ಲಿ ಬೆಳಗಿನ ಜಾವ ಐದೂವರೆ. ರಾತ್ರಿ ಎರಡು ಗಂಟೆಯಿಂದ ರಘುವಿನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಿರಿ. ಆ ಲಿಂಕ್ ಕಳುಹಿಸಿದವನು ನಾನು. ಡೌನ್ ಎಂದರೇನು, ಗಜದ ಲೆಕ್ಕ ಹೇಗೆ ಎಂದು ಎರಡು ವರ್ಷ ಫೋನಿನಲ್ಲಿ ಪಾಠ ಹೇಳಿ ನಿಮಗೆ ಈ ಹುಚ್ಚು ಹಿಡಿಸಿದವನೂ ನಾನೇ. ಹೀಗಾಗಿ ಅಮ್ಮ ನನ್ನನ್ನು ಒಂದು ಮಾತೂ ಬೈಯದೆ ಬರೆದಿರುವುದೇ ನನಗೆ ಹೆಚ್ಚು ಭಯ ತರುತ್ತಿದೆ.

ನಿಮ್ಮ ಎರಡನೆಯ ಆಕ್ಷೇಪಣೆಯನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ, ಆಟ ಕೈತಪ್ಪಿದ್ದೂ ಅಲ್ಲಿಯೇ. ಮೆಕ್ಯಾರನ್ ಎಸೆದ ಚೆಂಡನ್ನು ಅಮಾರಿ ಕೂಪರ್ ಹಿಡಿದು 99 ಗಜದ ಟಚ್‌ಡೌನ್ ಮಾಡಿದ ಮೇಲೆ ಅಲಬಾಮ 28-21ರಿಂದ ಮುಂದಿತ್ತು. ಆಮೇಲೆ ಆಬರ್ನಿನ 13 ಗಜದ ಗೆರೆಯ ಬಳಿ ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ, ಬೇಕಾದದ್ದು ಇನ್ನೊಂದೇ ಗಜ. ಸುಮಾರು 30 ಗಜದ ಸುಲಭ ಒದೆತ ಗುರಿ ಮುಟ್ಟಿದ್ದರೆ 31-21, ಅಂದರೆ ಎದುರಾಳಿ ಎರಡು ಸಲ ಅಂಕ ಗಳಿಸಬೇಕಾದ ಅಂತರ. ಸೇಬನ್ ಒದೆಸಲಿಲ್ಲ, ಯೆಲ್ಡನ್ ಕೈಗೆ ಚೆಂಡು ಕೊಟ್ಟು ಓಡಿಸಿದರು, ಆಬರ್ನಿನವರು ಅವನನ್ನು ನಿಂತಲ್ಲೇ ಕೆಡವಿದರು. "ಕೈಗೆ ಬಂದ ಅಂಕವನ್ನು ಮೊದಲು ಜೇಬಿಗೆ ಹಾಕಿಕೋ, ಕಬಡ್ಡಿಯಾದರೂ ಅಷ್ಟೇ" ಎಂದು ನೀವು ಬರೆದಿದ್ದೀರಿ. ಸರಿಯೇ. ಆದರೆ ಆ ಹೊತ್ತಿಗೆ ಫಾಸ್ಟರ್ ಎರಡು ಸಲ ತಪ್ಪಿದ್ದ. ಮಧ್ಯೆ ಒಂದು ಸಲ ಗುರಿ ಮುಟ್ಟಿಸಿದ್ದೂ ಉಂಟು, ಆದರೆ ತಂಡದವರ ತಪ್ಪಿಗೆ ಅದು ರದ್ದಾಗಿ, ಐದು ಗಜ ಹಿಂದಿನಿಂದ ಮತ್ತೆ ಒದೆಯಬೇಕಾಗಿ ಬಂದಾಗ ತಪ್ಪಿತು. ಮೂವತ್ತು ಗಜಕ್ಕೂ ಅವನನ್ನು ನಂಬದ ಕೋಚ್, ಸ್ವಲ್ಪ ಹೊತ್ತಿನ ಮೇಲೆ 44 ಗಜಕ್ಕೆ ಅವನನ್ನೇ ಕಳುಹಿಸಿದರು ನೋಡಿ, ಅದು ನನಗೆ ಅರ್ಥವಾಗಿಲ್ಲ. ತಡೆಗೆ ಸಿಕ್ಕಿದ್ದು ಅದೇ ಒದೆತ. ಅಲ್ಲಿಂದ ಆಬರ್ನ್ ಮುಂದೆ ಬಂದು, 32 ಸೆಕೆಂಡು ಉಳಿದಿರುವಾಗ ಆಟವನ್ನು ಸಮ ಮಾಡಿತು.

ಇನ್ನು ಇಲ್ಲಿನ ಜನರ ವಿಷಯ. ಊರಿನ ಜನಸಂಖ್ಯೆ 90 ಸಾವಿರ, ನಮ್ಮ ಕ್ರೀಡಾಂಗಣದ ಆಸನಗಳು ಒಂದು ಲಕ್ಷಕ್ಕೂ ಮೇಲೆ. ಸೇಬನ್ ಅವರ ಸಂಬಳ ವರ್ಷಕ್ಕೆ 50 ಲಕ್ಷ ಡಾಲರಿಗೂ ಹೆಚ್ಚು. ನಮಸ್ಕಾರಕ್ಕೂ ತಂಡದ ಘೋಷಣೆಯಾದ "ರೋಲ್ ಟೈಡ್", ಧನ್ಯವಾದಕ್ಕೂ "ರೋಲ್ ಟೈಡ್" ಎನ್ನುವ ಊರು ಸೋಮವಾರ ಸೂತಕದ ಮನೆಯಂತಿತ್ತು. ನೀವು ಇದನ್ನು ಹುಚ್ಚು ಎನ್ನಬಹುದು, ಆದರೆ ಕಾಲೇಜು ಹುಡುಗರ ಆಟಕ್ಕೆ ಒಂದು ರಾಜ್ಯವೇ ಉಸಿರು ಹಿಡಿದು ಕೂರುವುದನ್ನು ನೋಡಿದರೆ ನನಗಂತೂ ಹೊಟ್ಟೆಕಿಚ್ಚಾಗುತ್ತದೆ. ಕೆಟ್ಟದ್ದೂ ಇದೆ. ಫಾಸ್ಟರನಿಗೆ ಕೊಲ್ಲುತ್ತೇವೆಂಬ ಬೆದರಿಕೆಗಳು ಬಂದವು. ಆಗ ಹಿಂದಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವನಿಗೆ ಕೈಯಾರೆ ಒಂದು ಸಮಾಧಾನದ ಪತ್ರ ಬರೆದು ಕಳುಹಿಸಿದರು. ಅವನ ಅಂಗಿಯ ಸಂಖ್ಯೆ 43, ಬುಷ್ ಈ ದೇಶದ 43ನೆಯ ಅಧ್ಯಕ್ಷರು. ಇದನ್ನು ಓದಿದಾಗ, ತಾಲ್ಲೂಕು ಕಬಡ್ಡಿ ಪಂದ್ಯದಲ್ಲಿ ಕೊನೆಯ ದಾಳಿಗೆ ಹೋಗಿ ಸಿಕ್ಕಿಬಿದ್ದ ಹುಡುಗನನ್ನು ನೀವು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅವನ ಮನೆಯವರೆಗೆ ಬಿಟ್ಟು ಬಂದದ್ದು ನೆನಪಾಯಿತು. ಅವನಿಗೆ ಉಸಿರು ಕಟ್ಟುತ್ತಿದೆಯೆಂದು ಅದೇ ಆಟದ ನಡುವೆ ಒಮ್ಮೆ ಹೊರಗೆ ಕೂರಿಸಿ, ಕಾಂಪೌಂಡರನ್ನು ಕರೆಸಿ ನಾಡಿ ನೋಡಿಸಿದ್ದಿರಿ. ಅವನು "ಏನಿಲ್ಲ ಸಾರ್, ಗ್ಯಾಸು" ಎಂದಾಗ ನೀವು ಏನು ಹೇಳಿದಿರೆಂದು ನಾನು ಇಲ್ಲಿ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ.

ಆದ್ದರಿಂದ ದಯವಿಟ್ಟು ಮೈಸೂರಿನ ಜಯದೇವಕ್ಕೆ ಹೋಗಿ. ನಂಜನಗೂಡಿನಿಂದ ಒಂದು ಗಂಟೆಯ ದಾರಿ. ಇ.ಸಿ.ಜಿ. ತೆಗೆಯುತ್ತಾರೆ, ಬೇಕೆನಿಸಿದರೆ ಆಂಜಿಯೋಗ್ರಾಂ ಮಾಡುತ್ತಾರೆ, ಅದೇನೂ ದೊಡ್ಡದಲ್ಲ. ನನ್ನ ಪ್ರೊಫೆಸರರು ಹೋದ ವರ್ಷ ಮಾಡಿಸಿಕೊಂಡು ಮೂರನೆಯ ದಿನ ಪಾಠಕ್ಕೆ ಬಂದಿದ್ದರು. ನಿಮಗೆ ಏನೂ ಆಗಿರುವುದಿಲ್ಲ, ಖಂಡಿತ ಆಗಿರುವುದಿಲ್ಲ, ಗ್ಯಾಸೇ ಇರಬೇಕು. ಆಗಿದ್ದರೂ ಈಗ ಎಲ್ಲದಕ್ಕೂ ಔಷಧಿ ಇದೆ, ಚಿಂತೆಯೇ ಬೇಡ. ನಿನ್ನೆ ಅಮ್ಮನ ಖಾತೆಗೆ ಮೂವತ್ತು ಸಾವಿರ ಹಾಕಿದ್ದೇನೆ. ಅದು ನನ್ನ ಉಳಿತಾಯದ ಹಣ, ಸಾಲ ಮಾಡಿದ್ದಲ್ಲ, ಊಟ ಬಿಟ್ಟು ಉಳಿಸಿದ್ದೂ ಅಲ್ಲ. ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ.

ಅಲಬಾಮದ ಮುಂದಿನ ಆಟ ಒಕ್ಲಹೋಮದ ಮೇಲೆ, ಜನವರಿ 2ರ ರಾತ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ. ನಿಮಗೆ ಅದು 3ರ ಬೆಳಿಗ್ಗೆ ಏಳು ಗಂಟೆ, ನಿದ್ದೆಗೆಡುವ ಕಾರಣವಿಲ್ಲ. ಆದರೆ ಆಸ್ಪತ್ರೆಯ ವರದಿಯ ಫೋಟೋವನ್ನು ರಘು ಕಳುಹಿಸುವವರೆಗೆ ನಾನು ಲಿಂಕ್ ಕಳುಹಿಸುವುದಿಲ್ಲ.

ಸೆಮಿಸ್ಟರ್ ಪರೀಕ್ಷೆಯ ನಲವತ್ತು ಉತ್ತರ ಪತ್ರಿಕೆ ಇಂದೇ ತಿದ್ದಿ ಕೊಡಬೇಕು, ಬಸ್ಸಿಗೂ ಹೊತ್ತಾಯಿತು. ಅಮ್ಮನಿಗೆ, ಅಜ್ಜಿಗೆ ನಮಸ್ಕಾರ ತಿಳಿಸಿ. ಸುಬ್ಬಣ್ಣ ಮಾವ ಕಾರು ತರುತ್ತೇನೆಂದು ಒಪ್ಪಿದ್ದಾರೆ, ಗುರುವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿರುತ್ತಾರೆ. ಬಸ್ಸು ಬೇಡ.

ಇಂತಿ ನಿಮ್ಮ ಮಗ,
ಶ್ರೀಧರ