ವೈನಿಗೆ (ಅಣ್ಣನ ಹೆಂಡತಿಗೆ), ಆಮೇಲೆ ಉಳಿದ ಎಲ್ಲರಿಗೂ

ಹೋದ ವಾರ ಡಾಕ್ಟರು ನನ್ನ ಕೊನೆಯ ಮಾತ್ರೆಯನ್ನೂ ನಿಲ್ಲಿಸಿದರು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ ಅದು. ಕೀಮೋ ಮುಗಿದು, ಸ್ಕ್ಯಾನ್ ಚೆನ್ನಾಗಿ ಬಂದು ಆಗಲೇ ಕೆಲವು ತಿಂಗಳಾಗಿತ್ತು. ಆದರೂ ಈ ಮಾತ್ರೆ ನಿಂತ ಮೇಲೆಯೇ ನನಗೆ ಎಲ್ಲ ಮುಗೀತು ಅನ್ನಿಸಿದ್ದು. ಥ್ಯಾಂಕ್ಸ್ ಹೇಳೋಕೆ ಇಷ್ಟು ತಡ ಯಾಕೆ ಅಂದರೆ ಅದಕ್ಕೇ.

ಕ್ಯಾನ್ಸರಿನ ಕಥೆ ನಿಮಗೆಲ್ಲ ಗೊತ್ತು. ಮತ್ತೆ ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಬಹಳ ಜನ ಕೇಳಿದ್ದೀರಿ. ಕೀಮೋ ಸರಿಯಾಗೇ ನಡೀತಿತ್ತಲ್ಲ ಟೀಚರ್, ನಡುವೆ ಐಸಿಯುಗೆ ಯಾಕೆ ಸೇರಿಸಿದ್ರು ಅಂತ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ಒಂದು ಚೂರು ಕಿತ್ತುಕೊಂಡು, ಹೃದಯ ದಾಟಿ, ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಂಡಿತ್ತು. ಕ್ಯಾನ್ಸರ್ ಇರುವವರಲ್ಲಿ ಇದು ಅಪರೂಪವೇನೂ ಅಲ್ಲವಂತೆ. ನನಗಂತೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ನನ್ನ ಪಿರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಆಳಂದದಿಂದ ಜೋಳ, ತೊಗರಿಬೇಳೆ ಕಳಿಸಿದ ಕಾಕಾ, ಬೀದರಿನಿಂದ ಬಂದು ಮನೆ ಹಿಡಿದು ನಿಂತ ನಾದಿನಿ, ದರ್ಗಾದಿಂದ ದಾರ ತಂದು ಕಟ್ಟಿದ ಪಕ್ಕದ ಮನೆಯ ಚಾಚಿ, ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತ ಅವ್ವ, ರಕ್ತ ಕೊಟ್ಟ ಹಳೇ ವಿದ್ಯಾರ್ಥಿಗಳು, ಎಲ್ಲರಿಗೂ ಕೈ ಮುಗಿದು ನಮಸ್ಕಾರ. ನಮ್ಮ ಮನೆಯವರು ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ನನ್ನ ಆಸ್ಪತ್ರೆಗೂ ನಡುವೆ ಓಡಾಡಿ ಸೊರಗಿದರು. ಅವರಿಗೆ ಇಲ್ಲಿ ಒಂದೇ ಸಾಲು. ಉಳಿದದ್ದನ್ನು ಮನೆಯಲ್ಲೇ ಹೇಳ್ತೀನಿ.

ಇನ್ನು ವೈನಿ.

ನಮ್ಮ ಅಣ್ಣನ ಹೆಂಡತಿ ನಿಮ್ಮಲ್ಲಿ ಬಹಳ ಹೆಣ್ಣುಮಕ್ಕಳಿಗೆ ಗೊತ್ತು. ಬ್ರಹ್ಮಪುರದಲ್ಲಿ ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಏಪ್ರಿಲ್‌ನಲ್ಲಿ ನನ್ನ ಎಡಗಾಲು ಬಾತುಕೊಂಡಿತು. ಮೀನಖಂಡದಲ್ಲಿ ಹಿಡಿದ ಹಾಗೆ ನೋವು. ಬಿಸಿಲು 42 ಡಿಗ್ರಿ, ವಾಂತಿಯಿಂದ ಮೈಯಲ್ಲಿ ನೀರಿರಲಿಲ್ಲ, ಹಾಸಿಗೆ ಬಿಟ್ಟು ಏಳುತ್ತಲೂ ಇರಲಿಲ್ಲ. ನೋಡಲು ಬಂದವರೆಲ್ಲ ಎಣ್ಣೆ ಬಿಸಿ ಮಾಡಿ ತಿಕ್ಕಿ ಅಂದರು. ಒಂದು ಕ್ಲಿನಿಕ್ಕಿನಲ್ಲಿ, ಕೀಮೋದಿಂದ ಕಾಲಿಗೆ ನೀರು ತುಂಬಿದೆ ಅಂತ ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದುಕೊಟ್ಟರು. ಕಾಲನ್ನು ಮುಟ್ಟಿ ಕೂಡ ನೋಡಲಿಲ್ಲ.

ಸಂಜೆ ವೈನಿ ಎಣ್ಣೆ ಬಟ್ಟಲು ಹಿಡಿದುಕೊಂಡೇ ಬಂದಳು. ಸೀರೆ ಸರಿಸಿ ಎರಡೂ ಕಾಲು ನೋಡಿದಳು. ಬಟ್ಟಲು ಕೆಳಗಿಟ್ಟಳು.

"ನೀರಂದ್ರ ಎರಡೂ ಕಾಲಿಗಿ ಬರಬೇಕಲಾ ತಂಗಿ. ಒಂದಕ್ಕೇ ಯಾಕ ಬಂದದ?"

ಕೊರಳಲ್ಲಿ ಟೇಪು ಇದ್ದೇ ಇತ್ತು. ಎರಡೂ ಮೀನಖಂಡದ ಸುತ್ತಳತೆ ತೆಗೆದಳು. ಒಂದೂವರೆ ಇಂಚು ಫರಕು. ಅವಳ ಕಸುಬಿನಲ್ಲಿ ಅದು ಸಣ್ಣ ಫರಕು ಅಲ್ಲ. ಆಮೇಲೆ ಗೊತ್ತಾಯಿತು, ಡಾಕ್ಟರುಗಳೂ ಇದನ್ನೇ ಮಾಡುತ್ತಾರೆ. ಟೇಪು ಹಿಡಿದು ಅಳೆದು, 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ರಕ್ತ ಹೆಪ್ಪುಗಟ್ಟಿರಬಹುದು ಅಂತ ಅನುಮಾನ ಪಡುತ್ತಾರೆ. ವೈನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವಳಿಗೆ ಅಳತೆ ಗೊತ್ತಿತ್ತು ಅಷ್ಟೇ. ಆಟೋ ಕರೆಸಿ, ನನ್ನನ್ನು ಎತ್ತಿ ಕೂರಿಸಿ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದರು. ರಕ್ತನಾಳದ ಮೇಲೆ ಒತ್ತಿದರೆ ಅದು ಚಪ್ಪಟೆ ಆಗಬೇಕು. ನನ್ನದು ಆಗಲಿಲ್ಲ, ಒಳಗೆ ಹೆಪ್ಪು ಇತ್ತು. ತಕ್ಷಣ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರು ಮಾಡಿ ಅಡ್ಮಿಟ್ ಮಾಡಿಕೊಂಡರು. ನಡುರಾತ್ರಿ ಬಾತ್‌ರೂಮಿಗೆ ಅಂತ ಎದ್ದೆ, ಉಸಿರು ಕಟ್ಟಿತು. ಎದೆಯಲ್ಲಿ ಚುಚ್ಚಿದ ಹಾಗೆ ನೋವು. ವೈನಿ ಕೂಗಿದ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು. ಆಕ್ಸಿಜನ್, ಸಿಟಿ ಸ್ಕ್ಯಾನ್, ಐಸಿಯು, ಎಲ್ಲ ಒಂದರ ಹಿಂದೆ ಒಂದು.

ಆ ರಾತ್ರಿ ನಾನು ಸಾಯ್ತೀನಿ ಅಂತ ನಂಬಿಬಿಟ್ಟಿದ್ದೆ. ಕ್ಯಾನ್ಸರ್ ಅಂತ ಹೇಳಿದ ದಿನವೂ ಹಾಗೆ ಅನ್ನಿಸಿರಲಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಗದ್ದಲ ಮಾಡಬಾರದು ಅಂತ ಹೇಳಿ ಸಿಸ್ಟರ್ ಒಬ್ಬರು ವೈನಿಯನ್ನು ಒಳಗೆ ಬಿಟ್ಟರು. ಆ ಸಿಸ್ಟರಿಗೂ ನನ್ನ ದೊಡ್ಡ ನಮಸ್ಕಾರ. ನಾನು ಲಾಕರ್ ಕೀಲಿ ಎಲ್ಲಿದೆ, ಮಗಳಿಗೆ ಯಾವ ಬಳೆ, ಪಿಯುಸಿಗೆ ಎಲ್ಲಿ ಸೇರಿಸಬೇಕು ಅಂತ ಹೇಳಲು ಶುರು ಮಾಡಿದೆ. ಮಾಸ್ಕಿನ ಒಳಗಿಂದ ಏನು ಕೇಳಿಸಿತೋ ಏನೋ.

"ಅವೆಲ್ಲ ಮುಂಜಾನಿ ಹೇಳು. ಈಗ ಉಸಿರು ತಗೋ" ಅಂದಳು.

ಆಮೇಲೆ ಬೆಳಗಿನ ತನಕ ಪಿಸುಮಾತಿನಲ್ಲಿ ಗಿರಾಕಿಗಳ ಕಥೆ. ಯಾರಿಗೆ ಬ್ಲೌಸ್ ಬಿಗಿಯಾಯಿತು, ಯಾರು ದಪ್ಪಗಾಗಿ ಹಳೇ ಅಳತೆಯಲ್ಲೇ ಹೊಲಿ ಅಂದರು, ಯಾರು ಮಗಳ ಮದುವೆ ಮುಗಿದು ಮೊಮ್ಮಗ ಹುಟ್ಟಿದರೂ ಹೊಲಿಗೆ ಬಾಕಿ ಕೊಟ್ಟಿಲ್ಲ. ಹೆಸರು ಸಮೇತ! (ಹೆದರಬೇಡಿ, ಇಲ್ಲಿ ಬರೆಯುವುದಿಲ್ಲ.) ನಗು ಬರುತ್ತಿತ್ತು, ನಕ್ಕರೆ ಎದೆ ನೋಯುತ್ತಿತ್ತು. ನಗಿಸಬೇಡ ಅಂತ ಕೈ ಹಿಡಿದುಕೊಂಡೆ. ಆ ಕೈಯನ್ನು ಅವಳು ಬಿಡಲಿಲ್ಲ. ದೇವರು, ಧೈರ್ಯ, ಹೋರಾಟ ಅಂತ ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಅತ್ತುಬಿಡುತ್ತಿದ್ದೆ.

ವಾರ್ಡಿಗೆ ಬಂದ ಮೇಲೆ ಒಬ್ಬ ಎಳೆ ವಯಸ್ಸಿನ ಡಾಕ್ಟರು ಕೂತು ವಿವರಿಸಿದರು. ಕ್ಯಾನ್ಸರ್ ಕೋಶಗಳೇ ರಕ್ತ ಹೆಪ್ಪುಗಟ್ಟಿಸುವಂಥ ಪದಾರ್ಥ ಬಿಡುತ್ತವಂತೆ. ಅದರ ಮೇಲೆ ಆಪರೇಷನ್, ಕೀಮೋ, ಔಷಧ ಹಾಕಲು ರಕ್ತನಾಳದಲ್ಲಿ ಇಟ್ಟ ಕೊಳವೆ, ಮಲಗಿಯೇ ಇರುವುದು, ಎಲ್ಲ ಸೇರಿಕೊಳ್ಳುತ್ತವೆ. "ಅಂದ್ರ ಹಾಲಿಗಿ ಹೆಪ್ಪು ಹಾಕಿದಂಗ" ಅಂದಳು ವೈನಿ. ಡಾಕ್ಟರು ಹೌದು ಅಂದರು. ಮೇದೋಜೀರಕ ಗ್ರಂಥಿ, ಹೊಟ್ಟೆ, ಮೆದುಳು, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಇದು ಜಾಸ್ತಿ. ಕಾಯಿಲೆ ಪತ್ತೆಯಾದ ಮೊದಲ ಕೆಲವು ತಿಂಗಳಲ್ಲಿ ಇನ್ನೂ ಜಾಸ್ತಿ. ಹೊಟ್ಟೆಯ ದೊಡ್ಡ ಕ್ಯಾನ್ಸರ್ ಆಪರೇಷನ್ ಆದ ಬಹಳ ಜನಕ್ಕೆ ಸುಮಾರು 4 ವಾರ ಇಂಜೆಕ್ಷನ್ ಕೊಡುವುದು ಇದಕ್ಕೇ. ನಾನೂ ತಗೊಂಡಿದ್ದೆ. ಅದು ಯಾಕೆ ಅಂತ ಮಾತ್ರ ಆಗ ಯಾರೂ ಹೇಳಿರಲಿಲ್ಲ.

ಪ್ಯಾರಿಸ್ಸಿನ ಟ್ರೂಸೋ ಅನ್ನುವ ವೈದ್ಯರ ಕಥೆಯನ್ನೂ ಹೇಳಿದರು. 1865ರಲ್ಲಿ ಕ್ಯಾನ್ಸರಿಗೂ ಹೀಗೆ ರಕ್ತ ಹೆಪ್ಪುಗಟ್ಟುವುದಕ್ಕೂ ಇರುವ ನಂಟನ್ನು ವಿವರಿಸಿದವರು ಅವರು. ಸ್ವಲ್ಪ ಕಾಲದಲ್ಲೇ ಅದೇ ಲಕ್ಷಣ ಅವರ ಮೈಯಲ್ಲೇ ಕಾಣಿಸಿತು. ತನಗೂ ಕ್ಯಾನ್ಸರ್ ಇದೆ ಅಂತ ಅವರಿಗೆ ತಿಳಿದುಹೋಯಿತು. 1867ರಲ್ಲಿ ತೀರಿಕೊಂಡರು. ವಿಜ್ಞಾನದ ಟೀಚರ್ ಆದ ನನಗೆ ರೋಮಾಂಚನ. ವೈನಿಗೆ ಸಿಟ್ಟು. "ಪೇಷಂಟ್ ಮುಂದ ಇಂಥ ಕಥಿ ಹೇಳ್ತಾರೇನ್ರೀ ಸರ?" ಅಂದಳು. ಪಾಪ, ಅವರು ಫೈಲ್ ಎತ್ತಿಕೊಂಡು ಹೊರಟೇ ಹೋದರು. ಸರ್, ಇದನ್ನು ಓದುತ್ತಿದ್ದರೆ, ನಿಮಗೂ ಧನ್ಯವಾದ. ಕಥೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೂ ಕೆಲವು ವಾರ ಇಂಜೆಕ್ಷನ್ ಇತ್ತು, ದಿನಕ್ಕೆ ಎರಡು ಹೊತ್ತು, ಹೊಟ್ಟೆಯ ಚರ್ಮ ಹಿಡಿದೆತ್ತಿ ಚುಚ್ಚಬೇಕು. ಚುಚ್ಚಿದ ಮೇಲೆ ತಿಕ್ಕಬಾರದು, ತಿಕ್ಕಿದರೆ ಕಪ್ಪುಗಟ್ಟುತ್ತದೆ. ದಿನವಿಡೀ ಸೂಜಿ ಹಿಡಿಯುವ ವೈನಿಯ ಕೈ ಮೊದಲ ಸಲ ಗಡಗಡ ನಡುಗಿತು. ಆಮೇಲೆ ಸಿಸ್ಟರುಗಳಿಗಿಂತ ಅವಳ ಕೈಯೇ ಹಗುರ. ನಂತರ ಮಾತ್ರೆಗೆ ಬದಲಾಯಿಸಿದರು. ಹಳೆಯ ವಾರ್ಫರಿನ್ ಆಗಿದ್ದರೆ ಸೊಪ್ಪು ತಿನ್ನುವುದಕ್ಕೆ ಲೆಕ್ಕ, ಪದೇಪದೇ ರಕ್ತಪರೀಕ್ಷೆ. ನನ್ನದು ಹೊಸ ಥರದ ಮಾತ್ರೆ, ಹಾಗಾಗಿ ಪುಂಡಿ ಪಲ್ಯ ತಪ್ಪಲಿಲ್ಲ! ಆದರೆ ಮೊಣಕಾಲು ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಹಾಗಿರಲಿಲ್ಲ, ರಕ್ತಸ್ರಾವದ ಭಯ. ಈ ಔಷಧಗಳು ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದ ಹಾಗೆ ತಡೆಯುತ್ತವೆ, ನಿಧಾನಕ್ಕೆ ಕರಗಿಸುವುದು ನಮ್ಮ ಮೈಯೇ. ಅದಕ್ಕೇ ಇಷ್ಟು ತಿಂಗಳು ಬೇಕು. ಕ್ಯಾನ್ಸರ್ ಇನ್ನೂ ಇರುವವರಿಗೆ 6 ತಿಂಗಳ ಮೇಲೂ ಮುಂದುವರಿಸುತ್ತಾರೆ. ನನ್ನದು ನಿಂತಿತು ಅಂತ ಯಾರೂ ತಾವಾಗಿಯೇ ನಿಲ್ಲಿಸಬೇಡಿ.

ಕೀಮೋ ಶುರುವಾಗುವ ಮುಂಚೆ ಕೂದಲು ಉದುರುತ್ತದೆ, ವಾಂತಿ ಆಗುತ್ತದೆ, ಜ್ವರ ಬಂದರೆ ಓಡಿ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ. ಒಂದೇ ಕಾಲೋ ಒಂದೇ ಕೈಯೋ ಬಾತರೆ, ಬಿಸಿಯಾಗಿ ನೋಯುತ್ತಿದ್ದರೆ, ಇದ್ದಕ್ಕಿದ್ದ ಹಾಗೆ ಉಸಿರು ಸಾಲದೆ ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ, ಆಗಲೂ ಹಾಗೇ ಓಡಿ ಹೋಗಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಇದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇರುವುದರಿಂದ ಎಷ್ಟೋ ಜನಕ್ಕೆ ದೂರದ ಓಡಾಟ ತಪ್ಪಿದೆ. ಆದರೂ ಹೈದರಾಬಾದ್, ಸೊಲ್ಲಾಪುರ, ಬೆಂಗಳೂರು ಅಂತ ಹೋಗುವವರು ಇದ್ದೇ ಇದ್ದಾರೆ. ಬಸ್ಸಿನಲ್ಲಿ ರಾತ್ರಿಯಿಡೀ ಒಂದೇ ಭಂಗಿಯಲ್ಲಿ ಕೂರಬೇಡಿ. ಪಾದ ಆಡಿಸಿ, ಬಸ್ ನಿಂತಾಗ ಇಳಿದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ. ನನಗೆ ಮೊದಲೇ ತಡೆಯುವ ಔಷಧ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಎಲ್ಲರಿಗೂ ಕೊಡುವುದಿಲ್ಲ, ಆದರೆ ಕೇಳುವುದಕ್ಕೆ ಸಂಕೋಚ ಯಾಕೆ?

ಈ ಬರಹಕ್ಕೆ ವೈನಿಯ ಒಪ್ಪಿಗೆ ಸುಲಭಕ್ಕೆ ಸಿಗಲಿಲ್ಲ. ಫೋಟೋ ಹಾಕಬಾರದು, ಹೆಸರು ಬರೆಯಬಾರದು ಅಂದಳು. ಕೊನೆಗೆ ಒಂದು ಸಂದೇಶ ಹೇಳಿ ಕಳಿಸಿದ್ದಾಳೆ. ನನ್ನ ದೆಸೆಯಿಂದ ಅವಳ ಹತ್ತಿರ ಬಟ್ಟೆ ರಾಶಿ ಬಿದ್ದಿದೆ. ಬ್ಲೌಸ್ ಕೊಟ್ಟು ಕಾಯುತ್ತಿರುವವರು ಫೋನ್ ಮಾಡಿ ಬೈಯಬೇಡಿ, ಬೈಯುವುದಿದ್ದರೆ ನನಗೇ ಬೈಯಿರಿ. ದೀಪಾವಳಿಯ ಒಳಗೆ ಎಲ್ಲರದ್ದೂ ಕೊಡುತ್ತಾಳಂತೆ. ಹಳೇ ಬಾಕಿ ಇರುವವರು ಬರುವಾಗ ಅದನ್ನೂ ತರಬೇಕಂತೆ.