ಅಟ್ಟಕ್ಕೆ ಭಾರ ಹೇರುವ ಮುನ್ನ ಜಂತೆ ಅಳೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡಿನ ಹಳೆಯ ಮನೆಯನ್ನು ಹೋಂಸ್ಟೇ ಮಾಡಲು ಹೊರಟಾಗ ಮೊದಲು ಕಣ್ಣು ಬೀಳುವುದು ಅಟ್ಟದ ಮೇಲೆ. ಹಳೆ ಸಾಮಾನು ಇದ್ದ ಜಾಗಕ್ಕೆ ಮಂಚ, ಟೈಲ್ಸ್, ಬಚ್ಚಲು ಬರುತ್ತವೆ. ಇಲ್ಲವೇ ದರ ಏರಲೆಂದು ಅಡಿಕೆ ಚೀಲ ಪೇರಿಸುತ್ತಾರೆ. ಅಟ್ಟವನ್ನು ಕೆಳಗಿನಿಂದ ಹೊರುವ ಮರದ ಜಂತೆ ಮಾತ್ರ ಹಿಂದಿನದೇ. ಸಾಗುವಾನಿ, ಏನೂ ಆಗುವುದಿಲ್ಲ ಎಂಬ ಧೈರ್ಯವನ್ನೇ ನಂಬಿ ಕೆಲಸ ಶುರುವಾಗುತ್ತದೆ. ಮರ ಯಾವುದು ಎಂಬುದಕ್ಕಿಂತ ಜಂತೆಯ ಎತ್ತರ ಎಷ್ಟು, ಅದು ಎಷ್ಟು ದೂರ ಹಾಯ್ದಿದೆ ಎಂಬುದೇ ಇಲ್ಲಿ ನಿರ್ಣಾಯಕ.

ಒಂದು ಲೆಕ್ಕ ನೋಡಿ. ಹಾಯುವು, ಅಂದರೆ ಜಂತೆ ಗೋಡೆಯಿಂದ ಗೋಡೆಗೆ ದಾಟುವ ದೂರ, 15 ಅಡಿ (4.5 ಮೀಟರ್), ಜಂತೆಗಳ ನಡುವೆ ಒಂದೂವರೆ ಅಡಿ. ಕಟ್ಟಡದ ಭಾರಗಳ ಕುರಿತ ಭಾರತೀಯ ಮಾನಕ ಐಎಸ್ 875ರಂತೆ ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿಯಬೇಕು. ಹಲಗೆ, ಜಂತೆಗಳ ಸ್ವಂತ ತೂಕಕ್ಕೆ 40 ಕಿಲೋ ಸೇರಿಸೋಣ. ಸಾಗುವಾನಿ ಬರುವ ಬಿ ಗುಂಪಿನ ನಾಟಾಕ್ಕೆ ಮರದ ಕಟ್ಟಡಗಳ ಮಾನಕ ಐಎಸ್ 883 ಕೊಡುವ ಬಲ, ಬಿಗಿತಗಳ ಕೆಳಮಿತಿ ಹಿಡಿದರೆ, ಮುರಿಯದೆ ನಿಲ್ಲಲು 4×5 ಇಂಚಿನ (ಅಗಲ 4, ಎತ್ತರ 5) ಜಂತೆ ಸಾಕು. ಆದರೆ ಅದು ನಡುವೆ 36 ಮಿ.ಮೀ. ಜಗ್ಗುತ್ತದೆ. ಟೈಲ್ಸ್ ಬಿರುಕು ಬಿಡಬಾರದೆಂದರೆ ಜಗ್ಗು ಹಾಯುವಿನ 360ನೇ ಒಂದು ಭಾಗ, ಅಂದರೆ 12.5 ಮಿ.ಮೀ. ಮೀರಬಾರದು. ಅದಕ್ಕೆ 4×8 ಇಂಚು ಬೇಕು. ಬಲದ ಲೆಕ್ಕ ಮಾತ್ರ ಮಾಡಿ ಕೈಬಿಡುವವರು ಎಡವುವುದು ಇಲ್ಲೇ.

ಅಡಿಕೆಯದ್ದು ಇನ್ನೂ ಗಂಭೀರ. ಚೀಲ 65 ಕಿಲೋ, ಮಲಗಿಸಿದರೆ ಅರ್ಧ ಚದರ ಮೀಟರ್ ಜಾಗ ಎಂದಿಟ್ಟುಕೊಳ್ಳಿ. ಮೂರು ಸಾಲು ಪೇರಿಸಿದರೆ ಚದರ ಮೀಟರಿಗೆ 390 ಕಿಲೋ. ಆಗ ಅದೇ 4×5 ಜಂತೆಯ ಮೇಲಿನ ಒತ್ತಡ ಅನುಮತಿಸಿದ್ದರ ಒಂದೂವರೆ ಪಟ್ಟಾಗುತ್ತದೆ, ಜಗ್ಗು 65 ಮಿ.ಮೀ. ಆಗುತ್ತದೆ. ತಿಂಗಳುಗಟ್ಟಲೆ ಭಾರ ಹೊತ್ತ ಮರ ನಿಧಾನಕ್ಕೆ ಇನ್ನಷ್ಟು ಬಾಗುತ್ತದೆ: ಒಣಗಿದ ಮರವಾದರೆ ಮೊದಲಿನದರ ಒಂದೂವರೆ ಪಟ್ಟು, ಹಸಿ ಮರವಾದರೆ ಎರಡು ಪಟ್ಟು. ಒಣ ಮರಕ್ಕೇ ಇದನ್ನು ಸೇರಿಸಿದರೆ, ಜಗ್ಗು ಅದೇ 12.5 ಮಿ.ಮೀ. ಒಳಗಿರಲು 4×10 ಇಂಚಿನ ಜಂತೆ ಬೇಕಾಗುತ್ತದೆ.

ಅಗಲ ಇಮ್ಮಡಿಸಿದರೆ ಬಿಗಿತ ಇಮ್ಮಡಿ, ಎತ್ತರ ಇಮ್ಮಡಿಸಿದರೆ ಎಂಟು ಪಟ್ಟು. ಹಾಗೆಂದು ತೆಳ್ಳಗೆ ಎತ್ತರದ ಹಲಗೆ ನಿಲ್ಲಿಸಿದರೆ ಅದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಎತ್ತರ ಅಗಲದ ಮೂರು ಪಟ್ಟು ದಾಟುವುದಾದರೆ ಜಂತೆಗಳ ನಡುವೆ ಅಡ್ಡ ತುಂಡು ಬಿಗಿಯಲೇಬೇಕು. ಅಗಲವೂ ಹಾಯುವಿನ 50ನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು.

ಈಗಾಗಲೇ ಇರುವ ಜಂತೆಗೆ ಅತ್ಯುತ್ತಮ ಪರಿಹಾರ ನಡುವೆ ಕಂಬಗಳ ಮೇಲೆ ಕೂರಿಸಿದ ಅಡ್ಡತೊಲೆ. ಹಾಯುವು ಅರ್ಧವಾದರೆ ಜಗ್ಗು 16ನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಮೇಲೆ ಹೇಳಿದಷ್ಟು ಅಡಿಕೆ ಇದ್ದರೆ ಎರಡು ಮೀಟರಿಗೊಂದು ಕಂಬದ ಮೇಲೆ ಸುಮಾರು 2.4 ಟನ್ ಭಾರ ಬೀಳುತ್ತದೆ. ಅದನ್ನು ಹೊರುವಂತೆ ತೊಲೆಯ ಅಳತೆಯನ್ನೂ ಬೇರೆಯೇ ಲೆಕ್ಕ ಹಾಕಬೇಕು. ಕಂಬವನ್ನು ನೆಲದ ಗಾರೆ ಮೇಲೆ ನಿಲ್ಲಿಸಿದರೆ ಕುಸಿಯುತ್ತದೆ, ಅಡಿಗೆ ಪಾಯ ಬೇಕೇ ಬೇಕು. ಪಕ್ಕಕ್ಕೆ ಹೊಸ ಮರ ಜೋಡಿಸುವುದಾದರೆ ಮೊದಲು ಮೇಲಿನ ಭಾರ ಇಳಿಸಿ, ಜಗ್ಗಿದ ಜಂತೆಯನ್ನು ಜ್ಯಾಕಿನಿಂದ ನಿಧಾನವಾಗಿ ಎತ್ತಿ, ಆಮೇಲೆ ಬೋಲ್ಟ್ ಬಿಗಿಯಬೇಕು. ಬಾಗಿದ ಸ್ಥಿತಿಯಲ್ಲೇ ಬಿಗಿದರೆ ಹೊಸ ಮರ ಹಳೆಯ ಭಾರದಲ್ಲಿ ಪಾಲು ಹೊರುವುದಿಲ್ಲ.

ಬಚ್ಚಲಿನ ಪೈಪಿಗಾಗಿ ಜಂತೆಯ ನಡುಭಾಗದಲ್ಲಿ ಕೆಳಗಿನಿಂದ ಕಚ್ಚು ಹೊಡೆಯುವುದನ್ನಂತೂ ಕೂಡಲೇ ನಿಲ್ಲಿಸಬೇಕು. ಎಳೆತ ಅತಿ ಹೆಚ್ಚಿರುವುದು ಅಲ್ಲೇ, ಸೀಳು ಹೊರಡುವುದೂ ಅಲ್ಲಿಂದಲೇ. ಎರಡು ಇಂಚು ಕಾಂಕ್ರೀಟ್ ಹಾಸಿದರೆ ಚದರ ಮೀಟರಿಗೆ 120 ಕಿಲೋ ಶಾಶ್ವತ ಭಾರ ಎಂಬುದನ್ನೂ ಮರೆಯಬಾರದು. ಗೋಡೆಯೊಳಗೆ ಹೂತ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ. ಮಳೆನೀರು ಹೀರಿದ ಗೋಡೆಯಲ್ಲಿ ಹೊರಗಿನಿಂದ ಗಟ್ಟಿಯಾಗಿ ಕಾಣುವ ಜಂತೆಯ ತುದಿ ಒಳಗೆ ಕೊಳೆತಿರುತ್ತದೆ ಇಲ್ಲವೇ ಗೆದ್ದಲು ಹಿಡಿದಿರುತ್ತದೆ.

ಹೋಂಸ್ಟೇಗೆ ಅನುಮತಿ ಕೊಡುವವರು ಅಟ್ಟದಲ್ಲಿ ಕೋಣೆ ಇದ್ದರೆ ಹಾಯುವು, ಜಂತೆಯ ಅಳತೆ, ಅಂತರ, ಹೇರುವ ಭಾರ ಈ ನಾಲ್ಕನ್ನು ಬರೆದು ಎಂಜಿನಿಯರ್ ಸಹಿ ಮಾಡಿದ ಒಂದು ಹಾಳೆಯನ್ನು ಅರ್ಜಿಯೊಂದಿಗೆ ಕೇಳಬೇಕೆಂದು ವಿನಂತಿ.

— ಸಿವಿಲ್ ಎಂಜಿನಿಯರ್, ಸಾಗರ