ಚೀಟಿ ಬರೆಸುವ ಸಾಲಿನಲ್ಲಿ ಗಂಡನ ಹೆಸರೇಕೆ?

ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸನ್ಮಾನ್ಯರೇ, ನಮಸ್ಕಾರಗಳು.

ಈ ಊರಿಗೆ ಓದಲು ಬರುವ ಹೆಣ್ಣುಮಕ್ಕಳಿಗೆ ನಮ್ಮ ಮನೆಯ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುತ್ತ ಬಂದವಳು ನಾನು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಮಕ್ಕಳು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನನಗೂ ಒಂದು ಪಾಲು ತೆಗೆದಿಡುತ್ತಾರೆ. ಅವರಲ್ಲೊಬ್ಬಳ ಸಲುವಾಗಿ ಈ ಪತ್ರ. ಹೆಸರು, ಊರು ಹೇಳಲಾರೆ.

ಇಪ್ಪತ್ತು ವರ್ಷದ ಹುಡುಗಿ. ಮುಟ್ಟು ನಿಂತು ಎರಡು ತಿಂಗಳಾಗಿತ್ತು. ನನಗೂ ಹೇಳಲು ಹೆದರಿ ಒಬ್ಬಳೇ ಒಂದು ಆಸ್ಪತ್ರೆಗೆ ಹೋದಳು. ಚೀಟಿ ಬರೆಯುವವರು ಸಾಲಿಗೆಲ್ಲ ಕೇಳುವಂತೆ, "ಗಂಡನ ಹೆಸರು?" ಎಂದರಂತೆ. ಇವಳು ಬಾಯಿ ಬಿಡಲಿಲ್ಲ. ಮತ್ತೆ ಕೇಳಿದಾಗ ಹಿಂದೆ ಯಾರೋ ನಕ್ಕರು. ಇವಳು ತಿರುಗಿ ಬಂದುಬಿಟ್ಟಳು. ಆಮೇಲೆ ಯಾರದೋ ಮಾತು ಕೇಳಿ ಮಾತ್ರೆ ತರಿಸಿ ನುಂಗಿದಳು. ನಸುಕಿನಲ್ಲಿ ನಾನು ನೋಡಿದಾಗ ಬಚ್ಚಲಿನ ಗೋಡೆಗೆ ಒರಗಿ ಕುಳಿತಿದ್ದಳು. ಲಂಗ ರಕ್ತದಲ್ಲಿ ತೊಯ್ದಿತ್ತು, ತುಟಿ ಬಿಳಿಚಿಕೊಂಡಿತ್ತು. "ಕಾಕೂ, ಅಪ್ಪನಿಗೆ ಹೇಳಬೇಡಿರಿ" ಎಂದಳೇ ಹೊರತು ನೋವಾಗುತ್ತಿದೆ ಎನ್ನಲಿಲ್ಲ. ಜೀವ ಉಳಿಯಿತು. ಓದು ನಿಂತಿತು. ಆ ಹುಡುಗ ಮಾತ್ರ ಅದೇ ವಾರ ಪರೀಕ್ಷೆ ಬರೆದ.

ಸೀರೆ ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಸೀರೆಯ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ನಾನೂ ಹೇಳಿದ್ದೇನೆ. ಈಗ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಮದುವೆಗೆ ಮೊದಲಿನ ದೇಹಸಂಬಂಧವನ್ನು ಹೊಗಳಲು ನಾನು ಬರೆಯುತ್ತಿಲ್ಲ. ನನ್ನ ಮಗಳಿಗೂ ಜೋಪಾನವಾಗಿರು ಎಂದೇ ಹೇಳಿ ಬೆಳೆಸಿದವಳು. ಆದರೆ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗರ್ಭಪಾತದ ಕಾನೂನಿನಲ್ಲಿ "ಗಂಡ" ಎಂದಿದ್ದ ಕಡೆ 2021ರ ತಿದ್ದುಪಡಿ "ಸಂಗಾತಿ" ಎಂದು ಬರೆಯಿತು. ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದು ಎಂದು 2022ರ ಸೆಪ್ಟೆಂಬರ್ 29ರಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಹದಿನೆಂಟು ತುಂಬಿದವಳಿಗೆ ಅಪ್ಪನ ಸಹಿಯೂ ಬೇಡ, ಗಂಡನ ಸಹಿಯೂ ಬೇಡ. ಅವಳ ಗುಟ್ಟು ಹೊರಹಾಕಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಇಷ್ಟೆಲ್ಲ ಹಕ್ಕು ಇದ್ದೂ ಆ ಹುಡುಗಿ ಸಾಲಿನಿಂದ ತಲೆ ತಗ್ಗಿಸಿ ಬಂದಳು.

2007ರಲ್ಲಿ ನಮ್ಮ ರಾಜ್ಯ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ಕೈಬಿಟ್ಟಿತು. ಮಕ್ಕಳು ಕಲಿಯುವುದನ್ನು ಬಿಟ್ಟರೇ? ಮೊಬೈಲಿನಿಂದ ಕಲಿತರು, ಅರೆಬರೆಯಾಗಿ.

ಸಚಿವರೇ, ಜಿಲ್ಲೆಯ ಪ್ರತಿ ಆಸ್ಪತ್ರೆಯ ಚೀಟಿ ಬರೆಯುವಲ್ಲಿ ಗಂಡನ ಹೆಸರು ಕೇಳಕೂಡದೆಂದು ಆದೇಶ ಮಾಡಿಸಿರಿ. ಬಾಗಿಲು ಹಾಕಿಕೊಂಡು ಒಬ್ಬ ನರ್ಸ್‌ನೊಂದಿಗೆ ಮಾತನಾಡಲು ಒಂದು ಕೋಣೆ ಕೊಡಿಸಿರಿ. ಕಾಲೇಜು ಬಿಟ್ಟ ಮೇಲೂ ಅದು ತೆರೆದಿರಲಿ. ಮುಂದಿನ ವರ್ಷದ ಮಕ್ಕಳು ಟ್ರಂಕು ಹೊತ್ತು ನನ್ನ ಮೆಟ್ಟಿಲು ಹತ್ತುವುದರೊಳಗೆ ಇಷ್ಟಾಗಲಿ.

ಇಂತಿ,
ಕೋಣೆ ಬಾಡಿಗೆಗೆ ಕೊಡುವ ಒಬ್ಬ ತಾಯಿ, ವಿಜಯಪುರ